ನಾಲ್ಕನೆಯ ಓಟಗಾತಿ

ಫುಕುಯಾಮ ನಗರದ ಹಳೆಯ ಕ್ರೀಡಾಂಗಣದಲ್ಲಿ ಫುಕಿಕೋ ಮೂವತ್ತೊಂದು ವರ್ಷ ಉದೋನ್ ಬೇಯಿಸಿದ್ದಳು. ಮುಖ್ಯ ಗ್ಯಾಲರಿಯ ಕೆಳಗೆ, ಹೆಂಗಸರ ಶೌಚಾಲಯದ ಪಕ್ಕ, ಆರು ಜನ ಭುಜಕ್ಕೆ ಭುಜ ತಾಗಿಸಿ ನಿಂತು ತಿನ್ನುವಷ್ಟು ಅಂಗಡಿ. ದಪ್ಪ ಗೋಧಿ ಶಾವಿಗೆ, ಒಣಮೀನಿನ ಬಿಸಿ ಸಾರು, ಮೇಲೊಂದಿಷ್ಟು ಹೆಚ್ಚಿದ ಈರುಳ್ಳಿ ಸೊಪ್ಪು. ರುಚಿ ಅಂಥಾದ್ದೇನಲ್ಲ. ಹಾಗಂತ ಅವಳ ಗಂಡ ಶಿಗೆಹಾರುವೇ ಹೇಳುತ್ತಿದ್ದ, ಹೇಳಿ ಎರಡು ಬಟ್ಟಲು ತಿನ್ನುತ್ತಿದ್ದ. ಆದರೆ ಜನವರಿಯ ಚಳಿಯಲ್ಲಿ ಸಿಮೆಂಟಿನ ಮೆಟ್ಟಿಲ ಮೇಲೆ ಎರಡು ಗಂಟೆ ಕೂತು ಎದ್ದವರಿಗೆ ಬಿಸಿಯಾಗಿದ್ದದ್ದೆಲ್ಲ ರುಚಿಯೇ.

ಶುರುವಿನಲ್ಲಿ ನಗರಸಭೆಯವರು ಅವಳಿಗೆ ಮೂರು ಜಾಗ ತೋರಿಸಿದ್ದರು. ದೊಡ್ಡ ಗೇಟಿನ ಪಕ್ಕದ್ದು ವಿಶಾಲವಾಗಿತ್ತು, ವ್ಯಾಪಾರಕ್ಕೂ ಅದೇ ಸರಿ. ಫುಕಿಕೋ ಹಟ ಹಿಡಿದು ಶೌಚಾಲಯದ ಪಕ್ಕದ್ದನ್ನೇ ತೆಗೆದುಕೊಂಡಳು. ಯಾಕೆ ಅಂತ ಶಿಗೆಹಾರು ಕೇಳಿದ್ದಕ್ಕೆ ನಲ್ಲಿ ಹತ್ತಿರ ಅಂದಳು. ಸುಳ್ಳು. ಆ ಅಂಗಡಿಯ ಕಿಟಕಿಯಿಂದ ಓಟದ ಹಾದಿಯ ಕೊನೆಯ ಗೆರೆ ನೇರವಾಗಿ ಕಾಣುತ್ತಿತ್ತು, ಅದಕ್ಕೆ.

ಕಾಣುತ್ತಿತ್ತು, ಅಷ್ಟೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅವಳು ಆ ಹಾದಿಯ ಮೇಲೆ ಕಾಲಿಟ್ಟವಳಲ್ಲ. ಹುಡುಗರು ಬಟ್ಟಲು ತೆಗೆದುಕೊಂಡು ಹೋಗಿ ಹುಲ್ಲಿನ ಮೇಲೆ ಬಿಟ್ಟು ಬಂದರೆ ಅಂಚಿನಲ್ಲಿ ನಿಂತು ಕೂಗುತ್ತಿದ್ದಳೇ ಹೊರತು ಒಳಗೆ ಹೋಗಿ ಎತ್ತಿಕೊಂಡವಳಲ್ಲ. ಜನ ಅದನ್ನು ಸೋಮಾರಿತನ ಅಂದುಕೊಂಡಿದ್ದರು. ಅಂದುಕೊಳ್ಳಲಿ ಅಂತ ಅವಳೂ ಸುಮ್ಮನಿದ್ದಳು.

ಅದರ ಹಿಂದೆ ಅವಳ ಹದಿನೇಳನೆಯ ವಯಸ್ಸಿನ ಒಂದು ಜನವರಿ ಇತ್ತು. ಆ ವರ್ಷ ಜಿಲ್ಲೆಯ ಹೆಣ್ಣುಮಕ್ಕಳ ಶಾಲೆಗಳ ದೂರದ ಓಟ. ತಂಡಕ್ಕೆ ಐವರು. ಮೊದಲನೆಯವಳು ಬಂದರಿನ ಬಳಿ ಹೊರಡಬೇಕು, ಒಬ್ಬಳಿಂದ ಒಬ್ಬಳಿಗೆ ಊರಿನ ರಸ್ತೆಗಳಲ್ಲಿ ಸಾಗಿ, ಐದನೆಯವಳು ಈ ಕ್ರೀಡಾಂಗಣದ ದಕ್ಷಿಣದ ಬಾಗಿಲಿನಿಂದ ಒಳಗೆ ಬಂದು ಗೆರೆ ಮುಟ್ಟಬೇಕು. ಕೈಯಿಂದ ಕೈಗೆ ದಾಟುವುದು ಕೋಲಲ್ಲ, ಪಟ್ಟಿ. ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿಕೊಳ್ಳುವ ಬಟ್ಟೆಯ ಪಟ್ಟಿ. ಅವರ ಶಾಲೆಯದು ನೇರಳೆ ಬಣ್ಣದ್ದು, ಬಿಳಿ ದಾರದಲ್ಲಿ ಹೆಸರು ಹೊಲಿದದ್ದು, ಹಿಂದಿನ ಹತ್ತಾರು ಹುಡುಗಿಯರ ಬೆವರು ಕುಡಿದು ಮೆತ್ತಗಾಗಿದ್ದದ್ದು. ಕುಸುನೋಕಿ ಮೇಷ್ಟ್ರು ದಿನಾ ಸಂಜೆ ಅವರಿಗೆ ಓಟಕ್ಕಿಂತ ಹೆಚ್ಚಾಗಿ ಪಟ್ಟಿ ಕೊಡುವುದನ್ನೇ ಕಲಿಸಿದ್ದರು. ನೆಲಕ್ಕೆ ತಾಗಬಾರದು. ಮುದುರಿರಬಾರದು. ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ನೀಟಾಗಿ ಕೊಡಬೇಕು.

"ಒರೆಸೋ ಬಟ್ಟೆ ಎಸೆದಂಗೆ ಎಸೀಬೇಡ್ರೇ," ಅನ್ನುತ್ತಿದ್ದರು ಮೇಷ್ಟ್ರು. "ನಿಮ್ಮ ಹಿಂದಿನೋರೆಲ್ಲ ಅದರೊಳಗವ್ರೆ."

ಇನ್ನೊಂದು ನಿಯಮವಿತ್ತು. ಬಸ್ಸು ಲಾರಿಗಳನ್ನು ಎಷ್ಟೂಂತ ನಿಲ್ಲಿಸುತ್ತಾರೆ? ಹಿಂದೆ ಬಿದ್ದ ತಂಡಗಳಿಗೆ ಪಟ್ಟಿ ದಾಟಿಸುವ ಪ್ರತಿ ಜಾಗದಲ್ಲೂ ಒಂದು ಗಡುವು. ಗಡುವು ಮುಗಿದ ಕೂಡಲೇ ಅಧಿಕಾರಿ ಪಿಸ್ತೂಲು ಹಾರಿಸುತ್ತಾನೆ. ಆಗ ಮುಂದಿನವಳು ತನ್ನ ಗೆಳತಿಗೆ ಕಾಯದೆ, ಸಂಘಟಕರು ಕೊಟ್ಟ ಬೋಳು ಬಿಳಿ ಪಟ್ಟಿ ಹಾಕಿಕೊಂಡು ಹೊರಟುಬಿಡಬೇಕು. ತಂಡದ ಸಮಯಕ್ಕೆ ಅದರಿಂದೇನೂ ಧಕ್ಕೆಯಿಲ್ಲ, ಅದನ್ನು ಹೇಗೋ ಕೂಡಿಸುತ್ತಾರೆ. ಆದರೆ ಪಟ್ಟಿ ಕಡಿಯಿತು ಅನ್ನುತ್ತಾರೆ. ಆ ಮಾತು ಕೇಳಿದ ಹುಡುಗಿ ಅದನ್ನು ಮರೆಯುವುದಿಲ್ಲ.

ಫುಕಿಕೋ ನಾಲ್ಕನೆಯವಳು. ಐದನೆಯವಳು ತಮಾಯೋ, ಅವಳ ಜೀವದ ಗೆಳತಿ. ಮೂರು ವರ್ಷ ಒಂದೇ ಬೆಂಚು, ಒಂದೇ ರೈಲು, ಒಂದೇ ಡಬ್ಬಿಯ ಅನ್ನ. ಆಶಿದಾ ನದಿಯ ದಂಡೆಯಲ್ಲಿ ಆವತ್ತು ಎದುರುಗಾಳಿ. ಫುಕಿಕೋಗೆ ಪಕ್ಕೆ ಹಿಡಿದುಕೊಂಡಿತು. ಆದರೂ ಹಲ್ಲು ಕಚ್ಚಿ ಓಡಿದಳು. ಅರವತ್ತು ಮೀಟರು ಮುಂದೆ ತಮಾಯೋ ಗೆರೆಯ ಮೇಲೆ ನಿಂತು ಎರಡೂ ಕೈ ಚಾಚಿ ಕೂಗುತ್ತಿದ್ದದ್ದು ಕಾಣಿಸಿತು. ಫುಕಿಕೋ ಹೆಗಲಿನಿಂದ ಪಟ್ಟಿ ತೆಗೆದಳು. ಚಳಿಗೆ ಬೆರಳು ಮರಗಟ್ಟಿದ್ದವು. ಪಟ್ಟಿ ಜಾರಿ ಬಿತ್ತು.

ಬೇರೆ ಯಾವ ದೇಶದ ಹುಡುಗಿಯಾದರೂ ಬಾಚಿಕೊಂಡು ಓಡುತ್ತಿದ್ದಳು. ಇವಳು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು, ಎರಡು ಕೈಯಲ್ಲಿ ಎತ್ತಿದಳು, ಧೂಳು ಕೊಡವಿದಳು, ಮುದುರಿದ್ದನ್ನು ಬಿಡಿಸಿ ನೇರ ಮಾಡಿದಳು. ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದಳು ಪುಣ್ಯಾತ್ಗಿತ್ತಿ. ಎರಡನೆಯ ಮಡಿಕೆ ಬಿಡಿಸುತ್ತಿದ್ದಾಗ ಪಿಸ್ತೂಲು ಢಂ ಅಂದಿತು. ತಲೆಯೆತ್ತಿದಾಗ ತಮಾಯೋ ಬಿಳಿ ಪಟ್ಟಿ ಹಾಕಿಕೊಂಡು ಹೊರಟಿದ್ದಳು. ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದಳು, ಆಮೇಲೆ ತಿರುವಿನಲ್ಲಿ ಮರೆಯಾದಳು.

ನಾಲ್ಕನೆಯವರನ್ನೆಲ್ಲ ಬಸ್ಸಿನಲ್ಲಿ ಅಡ್ಡದಾರಿಯಿಂದ ಕ್ರೀಡಾಂಗಣಕ್ಕೆ ಕರೆತಂದರು. ಕೊನೆಯ ಓಟಗಾತಿ ಗೆರೆ ದಾಟಿ ಬೀಳುವಾಗ ಟವಲ್ ಹಿಡಿದು ಅವಳನ್ನು ತಬ್ಬಿಕೊಳ್ಳುವುದು ನಾಲ್ಕನೆಯವಳ ಕೆಲಸ. ಉಳಿದ ಹುಡುಗಿಯರು ಟವಲ್ ಹಿಡಿದು ದಡದಡ ಇಳಿದು ಓಡಿದರು. ಫುಕಿಕೋ ಇಳಿಯಲಿಲ್ಲ. ನೇರಳೆ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಟವಲನ್ನು ಮುಖಕ್ಕೆ ಒತ್ತಿಕೊಂಡು, ಎಲ್ಲ ಮುಗಿಯುವವರೆಗೆ ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು.

ಅಲ್ಲಿಂದಾಚೆ ಇಬ್ಬರೂ ಆ ಮಾತು ಎತ್ತಲಿಲ್ಲ. ಜಗಳವೂ ಆಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ, ಆದರೆ ಇವರು ಮರ್ಯಾದಸ್ಥರು. ಇವಳು ನೆನಪಿಸಿದರೆ ಅವಳಿಗೆ ನೋವಾದೀತು ಅಂತ ಇವಳು, ಅವಳು ನೆನಪಿಸಿದರೆ ಇವಳಿಗೆ ನೋವಾದೀತು ಅಂತ ಅವಳು. ಹೀಗೆ ಒಬ್ಬರನ್ನೊಬ್ಬರು ನೋಯಿಸದೆ ಇರುವುದರಲ್ಲೇ ಮೂವತ್ತೆಂಟು ವರ್ಷ ಕಳೆದರು. ತಮಾಯೋ ಮದುವೆಯಾಗಿ ಒಸಾಕಾಕ್ಕೆ ಹೋದಳು. ಪ್ರತಿ ಹೊಸ ವರ್ಷಕ್ಕೂ ಒಂದು ಕಾರ್ಡು ಬರುತ್ತಿತ್ತು, ಒಂದು ಕಾರ್ಡು ಹೋಗುತ್ತಿತ್ತು. ಎರಡರಲ್ಲೂ ಅಚ್ಚು ಹಾಕಿದ ಒಂದೇ ಸಾಲು: ಈ ವರ್ಷವೂ ನಿಮ್ಮ ಪ್ರೀತಿ ಇರಲಿ. ಆ ಕಾರ್ಡನ್ನು ಹಿಡಿದುಕೊಂಡು ಫುಕಿಕೋ ಕೈಬರಹದ ಒಂದು ಅಕ್ಷರವಾದರೂ ಇದೆಯೇನೋ ಅಂತ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇರುತ್ತಿರಲಿಲ್ಲ. ಅವಳದರಲ್ಲೂ ಇರುತ್ತಿರಲಿಲ್ಲ.

ಪಟ್ಟಿ ಮಾತ್ರ ಅವಳ ಹತ್ತಿರವೇ ಉಳಿಯಿತು. ಶಾಲೆಗೆ ಒಪ್ಪಿಸಬೇಕಿತ್ತು, ನಾಳೆ ನಾಡಿದ್ದು ಅಂತ ಮುಂದೂಡುತ್ತ ಹೋದಳು. ಅಷ್ಟರಲ್ಲಿ ಮಕ್ಕಳು ಕಡಿಮೆಯಾಗಿ ಆ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸಿದರು, ಹೆಸರೂ ಹೋಯಿತು. ಕುಸುನೋಕಿ ಮೇಷ್ಟ್ರೂ ಹೋದರು. ಕೊಡಬೇಕೆಂದರೂ ತೆಗೆದುಕೊಳ್ಳಬೇಕಾದವಳು ಇನ್ನು ತಮಾಯೋ ಒಬ್ಬಳೇ. ಅಂಗಡಿಯ ಡ್ರಾಯರಿನಲ್ಲಿ, ಕರ್ಪೂರದ ಗುಳಿಗೆಯ ಜೊತೆ, ನೀಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಪ್ರತಿ ಜನವರಿ ಆ ಓಟ ನಡೆಯುವ ದಿನ ಸಾರು ಕುದಿಯುತ್ತಿದ್ದರೂ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಹಸಿರು ಪಟ್ಟಿ ಬಂತು, ಕೆಂಪು ಪಟ್ಟಿ ಬಂತು, ಹಳದಿ ಬಂತು. ಬಿಳಿ ಪಟ್ಟಿಯವಳು ಬಂದಾಗ ತಿರುಗಿ ಒಲೆಯ ಕಡೆ ಮುಖ ಮಾಡುತ್ತಿದ್ದಳು.

ಹೋದ ಶರತ್ಕಾಲದಲ್ಲಿ ಸುದ್ದಿ ಬಂತು. ಗ್ಯಾಲರಿಯ ಸಿಮೆಂಟು ಭೂಕಂಪ ತಡೆಯುವಂತಿಲ್ಲ, ಊರಾಚೆ ಹೊಸದು ಎದ್ದಿದೆ, ಮಾರ್ಚ್ ಕೊನೆಗೆ ಇದನ್ನು ಮುಚ್ಚಿ ಕೆಡವುತ್ತಾರೆ. ಕೊನೆಯ ಭಾನುವಾರ ಊರಿನವರು ಯಾರು ಬೇಕಾದರೂ ಬಂದು ಹಾದಿಯ ಮೇಲೆ ಒಂದು ಸುತ್ತು ನಡೆಯಬಹುದು. ದಕ್ಷಿಣದ ಬಾಗಿಲಿನಿಂದ ಹೊರಡಬೇಕು. ನಾಲ್ಕು ಗಂಟೆಗೆ ಬಾಗಿಲು ಹಾಕುತ್ತಾರೆ.

ನೋಟೀಸನ್ನು ಫುಕಿಕೋ ಎರಡು ಸಲ ಓದಿದಳು. ಆ ಗೆರೆಯೇ ಇಲ್ಲದೆ ಹೋದರೆ ಪಟ್ಟಿ ಇನ್ನೆಲ್ಲಿಗೆ ತಲುಪಬೇಕು? ಮುಟ್ಟಿಸಬೇಕು, ತಮಾಯೋ ಕೈಗೆ ಕೊಟ್ಟು ಅವಳಿಂದಲೇ ಗೆರೆ ದಾಟಿಸಬೇಕು, ಅದೂ ಆ ಭಾನುವಾರದೊಳಗೆ. ಐವತ್ತೈದು ವರ್ಷದ ಹೆಂಗಸಿಗೆ ಬದುಕಿನಲ್ಲಿ ಬೇಕಾದದ್ದು ಇದೊಂದೇ ಅಂತ ಗೊತ್ತಾದಾಗ ಅವಳಿಗೇ ನಾಚಿಕೆಯಾಯಿತು. ಡಿಸೆಂಬರಿನಲ್ಲಿ ಕಾರ್ಡು ಬರೆಯಲು ಕೂತಳು. ಅಚ್ಚು ಹಾಕಿದ ಸಾಲಿನ ಕೆಳಗೆ ಕೈಯಿಂದ ಮೂರು ಸಾಲು ಬರೆಯಲು ಮೂರು ದಿನ ಹಿಡಿಯಿತು. ಕ್ರೀಡಾಂಗಣ ಮುಚ್ಚುತ್ತಿದ್ದಾರೆ. ಮಾರ್ಚ್ ಕೊನೆಯ ಭಾನುವಾರ ಮೂರೂವರೆಗೆ ದಕ್ಷಿಣದ ಬಾಗಿಲಿಗೆ ಬಾ. ನಿನ್ನದೊಂದು ನನ್ನ ಹತ್ತಿರ ಇದೆ.

ಫೆಬ್ರವರಿಯವರೆಗೆ ಉತ್ತರವಿಲ್ಲ. ಫುಕಿಕೋ ಅಂಚೆಯವನ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು ಕಿವಿಗೊಟ್ಟು ಸೋತಳು. ಆಮೇಲೊಂದು ದಿನ ಕಾರ್ಡು ಬಂತು, ಪೂರ್ತಿ ಕೈಬರಹ. "ಬರ್ತೀನಿ. ಮೊಣಕಾಲು ಆಪರೇಷನ್ ಆಗಿದೆ, ಕೋಲು ಹಿಡಿದು ನಡೀತೀನಿ. ನಿಧಾನ."

ಆ ಭಾನುವಾರ ಊರಿಗೆ ಊರೇ ಬಂದುಬಿಟ್ಟಿತು. ಇಷ್ಟು ಜನ ಪಂದ್ಯ ನೋಡಲು ಬಂದಿದ್ದರೆ ಕ್ರೀಡಾಂಗಣ ಮುಚ್ಚಬೇಕಾಗಿಯೇ ಇರಲಿಲ್ಲ. ಹಾದಿಯ ಮೇಲೆ ಮುದುಕರು, ತಳ್ಳುಗಾಡಿಯಲ್ಲಿ ಕೂಸುಗಳು, ಇಲ್ಲೇ ಓಡಿ ಗೆದ್ದವರು, ಓಡಿ ಬಿದ್ದವರು. ಒಂದು ಸುತ್ತು ನಡೆದವರೆಲ್ಲ ಕೊನೆಯ ಸಲ ಉದೋನ್ ತಿನ್ನಬೇಕೆಂದು ಅಂಗಡಿಯ ಮುಂದೆ ಸಾಲುಗಟ್ಟಿದರು. ಮೂರು ಗಂಟೆಗೆ ಒಲೆ ಆರಿಸುವುದೆಂದು ಫುಕಿಕೋ ಲೆಕ್ಕ ಹಾಕಿದ್ದಳು. ಮೂರು ಗಂಟೆಗೆ ಸಾಲು ಶೌಚಾಲಯ ದಾಟಿ ಮೆಟ್ಟಿಲವರೆಗೆ ಹೋಗಿತ್ತು.

ಬಡಿಸುವುದು ತಡವಾಗುತ್ತಿರಲಿಲ್ಲ. ತಡವಾಗುತ್ತಿದ್ದದ್ದು ನಮಸ್ಕಾರ. ತಿಂದವರು ಸುಮ್ಮನೆ ಹೋಗುತ್ತಾರೆಯೇ? ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ತಂದು, ಬಾಗಿ, ಇಷ್ಟು ವರ್ಷ ಉಪಕಾರವಾಯಿತು ಅನ್ನುತ್ತಾರೆ. ಇವಳು ಬಾಗಬೇಕು. ಇವಳು ಬಾಗಿದ್ದು ನೋಡಿ ಅವರು ಇನ್ನೊಂದು ಸಲ, ತುಸು ಹೆಚ್ಚಿಗೆ ಬಾಗುತ್ತಾರೆ. ಅವರಿಗಿಂತ ಮೊದಲು ತಲೆ ಎತ್ತಿದರೆ ಚೆನ್ನಾಗಿರುತ್ತದೆಯೇ?

"ನಮ್ಮ ಮೂರು ಮಕ್ಕಳೂ ಇಲ್ಲಿ ಉಂಡವ್ರೆ ಅಕ್ಕಾ," ಅಂದಳು ಒಬ್ಬಳು.

"ನಿಮ್ಮ ದೊಡ್ಡವನು ನಾಲ್ಕು ಬಟ್ಟಲು ತಿಂತಿದ್ದ," ಅಂದಳು ಫುಕಿಕೋ, ಗಡಿಯಾರದ ಕಡೆ ಕಣ್ಣಿಟ್ಟು ಬಾಗುತ್ತ.

"ಈಗ್ಲೂ ತಿಂತಾನೆ. ಓಡೋದು ಮಾತ್ರ ಬಿಟ್ಟ."

ಮೂರೂವರೆ ಆಯಿತು. ಮೂರು ಮುಕ್ಕಾಲಾಯಿತು. ಕಾಲಿಗೆ ಬೆಂಕಿ ಬಿದ್ದವಳ ಹಾಗೆ ಒಲೆಗೂ ಕಿಟಕಿಗೂ ಓಡಾಡುತ್ತಿದ್ದಳೇ ಹೊರತು ಸಾಲಿನಲ್ಲಿ ನಿಂತವರನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದ ಶಿಗೆಹಾರು ಚಾಕು ಕೆಳಗಿಟ್ಟ.

"ಏನೇ ಅದು, ಬೆಳಗಿಂದ ಗಡಿಯಾರ ನುಂಗೋ ಹಂಗೆ ನೋಡ್ತಿದ್ದೀಯ?"

"ಏನಿಲ್ಲ."

"ಏನಿಲ್ದೆ ಆ ಡ್ರಾಯರನ್ನ ಹದಿನಾಲ್ಕು ಸಲ ತೆಗೆದು ಮುಚ್ಚಿದೆಯಾ? ನಲ್ಲಿ ಹತ್ತಿರ ಅಂತ ಇಲ್ಲಿ ಅಂಗಡಿ ಹಾಕಿದೋಳು ನೀನು. ನಲ್ಲಿ ಆ ಕಡೇಲೂ ಇತ್ತು, ನಾನು ನೋಡಿದ್ದೆ." ಅವಳ ಕೈಯಿಂದ ಸೌಟು ಕಿತ್ತುಕೊಂಡ. "ಹೋಗು. ಬಾಗೋದು ನಂಗೂ ಬರತ್ತೆ."

ಮೂವತ್ತು ವರ್ಷ ಗುಟ್ಟು ಕಾಪಾಡಿದೆ ಅಂದುಕೊಂಡಿದ್ದ ಹೆಂಗಸು ಬೆಪ್ಪಾಗಿ ಗಂಡನ ಮುಖ ನೋಡಿದಳು. ನಿಂತು ನೋಡಲು ಹೊತ್ತಿರಲಿಲ್ಲ. ಡ್ರಾಯರಿನಿಂದ ನೀಲಿ ಗಂಟು ಎತ್ತಿಕೊಂಡು, ಏಪ್ರನ್ನು, ರಬ್ಬರ್ ಬೂಟು, ತಲೆಗೆ ಸುತ್ತಿದ ಟವಲ್ ಸಮೇತ ಓಡಿದಳು. ಗ್ಯಾಲರಿಯ ಕೆಳಗಿನ ಓಣಿ ಉದ್ದಕ್ಕೂ ಜನ. ಕ್ಷಮಿಸಿ, ಕ್ಷಮಿಸಿ ಅನ್ನುತ್ತ ನುಗ್ಗಿದಳು. ನಡುದಾರಿಯಲ್ಲೇ ಪಕ್ಕೆ ಹಿಡಿದುಕೊಂಡಿತು, ಆವತ್ತು ಹಿಡಿದ ಕಡೆಯೇ.

ಓಣಿಯ ಕೊನೆಯಲ್ಲಿ ಧ್ವನಿವರ್ಧಕ ಕೇಳಿಸಿತು. "ನಾಲ್ಕು ಗಂಟೆ ಆಯ್ತು. ಕೊನೆಯವರು ದಯವಿಟ್ಟು ಹೊರಡಿ." ಅದು ನಗರಸಭೆಯ ನಿಶಿಗುಚಿ, ನಿವೃತ್ತಿಗೆ ಹತ್ತಿರವಾದ, ಗಡಿಯಾರ ಬಿಟ್ಟು ಬೇರೆ ದೇವರನ್ನರಿಯದ ಮನುಷ್ಯ. ತಮಾಯೋ ಹೊರಟಿರುತ್ತಾಳೆ. ಹೊರಡಲೇಬೇಕು, ನಿಯಮ.

ತಿರುವಿಗೆ ಬಂದು ನೋಡಿದಳು. ಬಾಗಿಲ ಬೆಳಕಿನಲ್ಲಿ ಒಬ್ಬ ದಪ್ಪ ಹೆಂಗಸು ಕೋಲೂರಿ ನಿಂತಿದ್ದಳು. ಎದುರಿಗೆ ನಿಶಿಗುಚಿ ಬಾಗಿಲಿನ ಸರಪಳಿ ಹಿಡಿದುಕೊಂಡಿದ್ದ.

"ಅಮ್ಮಾ, ನೀವು ಹೊರಟುಬಿಡಿ. ನಿಮ್ಮ ಸ್ನೇಹಿತರು ಬಂದ್ರೆ ನಾನು ಹೇಳ್ತೀನಿ."

"ಒಂದ್ಸಲ ಹಂಗೇ ಹೊರಟಿದ್ದೆ ಸ್ವಾಮಿ," ಅಂದಳು ಆ ಹೆಂಗಸು, ಕದಲದೆ. "ಇವತ್ತು ಹೊರಡಲ್ಲ. ಬಾಗಿಲು ಹಾಕೋದಾದ್ರೆ ನನ್ನ ಮೇಲೇ ಹಾಕ್ಕೊಳಿ."

ನಿಶಿಗುಚಿ ಗಡಿಯಾರ ನೋಡಿದ, ಕೋಲು ನೋಡಿದ, ಆಮೇಲೆ ಸರಪಳಿಯಲ್ಲಿ ಏನೋ ತೊಡಕಾದವನ ಹಾಗೆ ಅದನ್ನು ಬಿಡಿಸುತ್ತ ನಿಂತ. ತೊಡಕೇನೂ ಆಗಿರಲಿಲ್ಲ.

ಫುಕಿಕೋ ಏದುಸಿರು ಬಿಡುತ್ತ ಎದುರು ನಿಂತಳು. ನೀಲಿ ಬಟ್ಟೆ ಬಿಚ್ಚಿದಳು. ನೇರಳೆ ಪಟ್ಟಿಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಸೊಂಟ ಮುರಿಯುವಷ್ಟು ಬಾಗಿ ಮುಂದೆ ಚಾಚಿದಳು.

"ತಡ ಆಯ್ತು ತಮಾ. ಕ್ಷಮಿಸು."

ತಮಾಯೋ ಪಟ್ಟಿಯನ್ನು ನೋಡುತ್ತಲೇ ಇದ್ದಳು. ಆಮೇಲೆ ತೆಗೆದುಕೊಂಡು ತಲೆಯ ಮೇಲಿನಿಂದ ಹಾಕಿಕೊಳ್ಳಲು ನೋಡಿದಳು. ಅದು ಭುಜದಲ್ಲೇ ಸಿಕ್ಕಿಕೊಂಡಿತು.

"ಇದು ಕುಗ್ಗಿದೆ ಕಣೇ."

"ಪಟ್ಟಿ ಕುಗ್ಗಿಲ್ಲ," ಅಂದಳು ಫುಕಿಕೋ, ಅಳುತ್ತ.

"ನಿನ್ನ ಬಾಯಿ ಇನ್ನೂ ಹಂಗೇ ಇದೆ." ತಮಾಯೋ ಪಟ್ಟಿಯನ್ನು ತೆಗೆದು ಕೊರಳಿಗೆ ಹಾಕಿಕೊಂಡಳು. ಅದರ ಮೇಲೆ ಕೈಯಿಟ್ಟು ಸವರಿದಳು. "ಆವತ್ತು ಆ ಬಿಳೀದನ್ನ ನಾನು ಉಸಿರು ತಗೊಳ್ಳೋಕೂ ಬಿಡದೆ ಬಿಚ್ಕೊಂಡು ಹೋದ್ರು. ಮುಂದಿನ ವರ್ಷಕ್ಕೆ ಬೇಕಂತೆ. ಎದೆ ಮೇಲೆ ಕೈ ಇಟ್ಕೊಂಡ್ರೆ ಏನೂ ಇಲ್ಲ."

"ನನ್ನಿಂದ ಪಟ್ಟಿ ಕಡೀತು ತಮಾ. ನಾನು ಎತ್ಕೊಂಡು ಸುಮ್ನೆ ಓಡಿ ಬಂದಿದ್ರೆ..."

"ಫುಕಿ." ತಮಾಯೋ ಅವಳ ಮಾತು ತಡೆದಳು. "ನಾನು ಪಟ್ಟಿಗೆ ಯಾವತ್ತಾದ್ರೂ ಬೇಜಾರು ಮಾಡ್ಕೊಂಡಿದ್ದೆ ಅಂದ್ಕೊಂಡ್ಯಾ? ಬಿತ್ತು, ನೀನು ಎತ್ತಿ ಧೂಳು ಕೊಡವಿದೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಮೇಷ್ಟ್ರು ನಮ್ಮನ್ನ ಹಂಗೆ ಹಾಳು ಮಾಡಿದ್ರು." ನಗಲು ಹೋಗಿ ಆಗಲಿಲ್ಲ. "ಗೆರೆ ದಾಟಿ ಬಿದ್ದೆ. ಎಲ್ಲರಿಗೂ ಅವರವರ ನಾಲ್ಕನೆಯವಳು ಟವಲ್ ಹಿಡ್ಕೊಂಡು ಬಂದ್ಲು. ನಾನು ಮಣ್ಣಲ್ಲಿ ಬಿದ್ಕೊಂಡು ಬಾಗಿಲು ನೋಡ್ತಾನೇ ಇದ್ದೆ. ಈಗ ಬರ್ತಾಳೆ, ಈಗ ಬರ್ತಾಳೆ ಅಂತ. ಬಸ್ಸಿಂದ ಇಳೀಲೇ ಇಲ್ಲ ನೀನು."

ಅಷ್ಟು ಹೇಳಿ ಅವಳು ತಿರುಗಿ ಕೋಲೂರುತ್ತ ಹಾದಿಗೆ ಇಳಿದಳು.

ಫುಕಿಕೋ ಬಾಗಿಲ ಹೊಸ್ತಿಲಲ್ಲಿ ಮರದ ಕೊರಡಿನ ಹಾಗೆ ನಿಂತಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೊರಗಿದ್ದು ಬೇರೆಯದಕ್ಕೆ. ಕರ್ಪೂರ ಹಾಕಿ ಜೋಪಾನ ಮಾಡಿದ ತಪ್ಪು ಒಂದು, ಮಾಡಿದ ತಪ್ಪು ಇನ್ನೊಂದು. ಪಟ್ಟಿ ಬೀಳಿಸಿದ್ದು ಚಳಿ, ಹೊರಡಿಸಿದ್ದು ಪಿಸ್ತೂಲು. ಬಸ್ಸಿನಲ್ಲಿ ಕೂತದ್ದು ಮಾತ್ರ ಪೂರ್ತಿ ಅವಳೇ. ಹಾಗೆಯೇ ಆ ಅಂಗಡಿಯಲ್ಲೂ ಕೂತಿದ್ದಳು, ಮೂವತ್ತೊಂದು ವರ್ಷ, ಕಿಟಕಿಯಿಂದ ನೋಡುತ್ತ. ಅವಳಿಗೆ ದುಃಖ ಉಕ್ಕಿ ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು.

ಅಲ್ಲಿ ತಮಾಯೋ ತಿರುವು ಮುಟ್ಟಿದ್ದಳು. ಮೊದಲು ಕೋಲು, ಆಮೇಲೆ ಸರಿಯಿರುವ ಕಾಲು, ಆಮೇಲೆ ಇನ್ನೊಂದು. ಹಿಂದೆ ಜಿಂಕೆಯ ಹಾಗೆ ಓಡುತ್ತಿದ್ದವಳು. ಹಾದಿಯ ಮೇಲಿದ್ದವರೆಲ್ಲ ಅವಳನ್ನು ದಾಟಿ ಮುಂದೆ ಹೋಗಿದ್ದರು. ಗೆರೆಯ ಬಳಿ ಯಾರೂ ಉಳಿದಿರಲಿಲ್ಲ.

"ನೀವು ಹೋಗಲ್ವಾ?" ಅಂದ ನಿಶಿಗುಚಿ, ಸರಪಳಿ ಕಡೆ ನೋಡುತ್ತಲೇ. "ಇನ್ನೊಬ್ಬರಿಗೆ ಹೊತ್ತಿದೆ. ನನ್ನ ಗಡಿಯಾರ ಸ್ವಲ್ಪ ಮುಂದೆ ಇರೋ ಹಂಗಿದೆ."

ಫುಕಿಕೋ ಕೆಳಗೆ ನೋಡಿದಳು. ಸಾರು ಚೆಲ್ಲಿದ ರಬ್ಬರ್ ಬೂಟು, ಅದರ ಮುಂದೆ ಒಂದೇ ಅಡಿ ದೂರದಲ್ಲಿ ಕೆಂಪು ಹಾದಿ. ಕಾಲಿಟ್ಟಳು. ಏನೂ ಆಗಲಿಲ್ಲ. ತುಸು ಮೆತ್ತಗಿತ್ತು, ಅಷ್ಟೆ.

ಹಾದಿ ಹಿಡಿದು ಹೋಗಲಿಲ್ಲ. ಹುಲ್ಲಿನ ಮೇಲೆ ಅಡ್ಡಹಾಯ್ದು ಓಡಿದಳು, ಅಲ್ಲಿ ಹೋಗಬಾರದೆಂದು ಬೋರ್ಡು ಇದ್ದರೂ. ತಲೆಯ ಟವಲ್ ಬಿಚ್ಚಿ ಎರಡು ಕೈಯಲ್ಲಿ ಅಗಲ ಮಾಡಿಕೊಂಡು ಕೊನೆಯ ಗೆರೆಯಾಚೆ ಹೋಗಿ ನಿಂತಳು. ಅಂಗಡಿಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿ. ಒಳಗೆ ಶಿಗೆಹಾರು ಯಾರಿಗೋ ಬಾಗುತ್ತಿದ್ದ.

ತಮಾಯೋ ಕೊನೆಯ ನೇರ ಹಾದಿಗೆ ಬಂದಳು. ಟವಲ್ ಹಿಡಿದು ನಿಂತವಳನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ಕೊರಳಿನಿಂದ ನೇರಳೆ ಪಟ್ಟಿ ತೆಗೆದು ಎರಡೂ ಕೈಯಲ್ಲಿ ಬಿಗಿದು ಹಿಡಿಯಲು ಹೋಗಿ, ಕೋಲು ಅಡ್ಡ ಬಂದು, ಕೋಲನ್ನೇ ಬಿಸಾಕಿದಳು. ಕುಂಟುತ್ತ ಕುಂಟುತ್ತ ಹತ್ತು ಹೆಜ್ಜೆ ಬಂದಳು. ಗೆರೆ ದಾಟಿದ ಮೇಲೆ ಮೊಣಕಾಲು ಕೈಕೊಟ್ಟಿತು.

ಫುಕಿಕೋ ಅವಳನ್ನು ಟವಲಿನ ಸಮೇತ ಬಿಗಿಯಾಗಿ ಹಿಡಿದುಕೊಂಡಳು. ಇಬ್ಬರೂ ನಿಲ್ಲಲಾಗದೆ ಅಲ್ಲೇ ಕುಸಿದು ಕೂತರು. ತಮಾಯೋ ಟವಲಿಗೆ ಮುಖವೊತ್ತಿ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಮುಖ ಎತ್ತಿದಳು.

"ಮೀನಿನ ಸಾರು ನಾರ್ತಿದೆ ಇದು."

"ತಡ ಆಯ್ತು," ಅಂದಳು ಫುಕಿಕೋ.

"ಹ್ಞೂಂ," ಅಂದಳು ತಮಾಯೋ. "ಬಸ್ಸು ನಿಧಾನ ಬಂತೇನೋ."